ಪ್ರೆಷರ್ ಸ್ವಿಚ್ ಇದ್ದರೆ ಕಂಪ್ರೆಸರ್‌ಗೆ ಸೇಫ್ಟಿ ವಾಲ್ವ್ ಬೇಡವೇ? ಉತ್ತರ ಡೆನಿಸ್ ಪ್ಯಾಪಿನ್ ಬದುಕಿನಲ್ಲಿದೆ

ನೆಲಮಂಗಲದ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿ, ಹೊಸಕೋಟೆಯ ಗ್ಯಾರೇಜು, ದೊಡ್ಡಬಳ್ಳಾಪುರದ ವರ್ಕ್‌ಶಾಪು, ಎಲ್ಲಿಗೆ ಹೋದರೂ ಒಂದು ಏರ್ ಕಂಪ್ರೆಸರ್ ಕಾಣುತ್ತದೆ. ಒತ್ತಡ ತುಂಬಿದರೆ ಮೋಟಾರ್ ತಾನೇ ನಿಲ್ಲುತ್ತದೆ, ಹಾಗಾಗಿ ಸೋರುವ ಸೇಫ್ಟಿ ವಾಲ್ವ್ ತೆಗೆದು ಬೋಲ್ಟ್ ಹಾಕಿದರೂ ನಡೆಯುತ್ತದೆ ಎಂದು ನಂಬುವವರಿದ್ದಾರೆ. ಇದು ತಪ್ಪು. ಏಕೆಂದು ತಿಳಿಯಲು ಆ ವಾಲ್ವ್ ಕೊಟ್ಟ ವ್ಯಕ್ತಿಯ ಕಥೆ ನೋಡೋಣ.

ಡೆನಿಸ್ ಪ್ಯಾಪಿನ್ ಹುಟ್ಟಿದ್ದು 1647ರಲ್ಲಿ, ಫ್ರಾನ್ಸಿನ ಬ್ಲುವಾ ಪಟ್ಟಣದ ಬಳಿ. ಓದಿದ್ದು ವೈದ್ಯಕೀಯ, ಮನಸ್ಸು ಹೋದದ್ದು ಯಂತ್ರಗಳ ಕಡೆಗೆ. ಪ್ಯಾರಿಸ್ಸಿನಲ್ಲಿ ಹೈಗನ್ಸ್ ಜೊತೆ, ಆಮೇಲೆ ಲಂಡನ್ನಿನಲ್ಲಿ ನಾವೆಲ್ಲ ಶಾಲೆಯಲ್ಲಿ ಹೆಸರು ಕೇಳಿದ ರಾಬರ್ಟ್ ಬಾಯ್ಲ್ ಜೊತೆ ಗಾಳಿ ಪಂಪುಗಳ ಪ್ರಯೋಗ ಮಾಡಿದರು.

1679ರಲ್ಲಿ ಅವರು ರಾಯಲ್ ಸೊಸೈಟಿಯ ಮುಂದೆ ಒಂದು ಪಾತ್ರೆ ಇಟ್ಟರು. ಬಿಗಿಯಾಗಿ ಮುಚ್ಚಿದ ಅದರೊಳಗೆ ಹಬೆಯ ಒತ್ತಡ ಏರಿ, ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತಿತ್ತು. ಗಟ್ಟಿ ಮೂಳೆಯೂ ಮೆತ್ತಗಾಗುತ್ತಿತ್ತು. ಆದರೆ ಒತ್ತಡ ಮಿತಿ ಮೀರಿದರೆ ಪಾತ್ರೆಯೇ ಸಿಡಿಯುವ ಅಪಾಯ. ಅದಕ್ಕೆ ಪ್ಯಾಪಿನ್ ಒಂದು ಸಣ್ಣ ರಂಧ್ರ ಬಿಟ್ಟು, ಅದರ ಮುಚ್ಚಳವನ್ನು ಸನ್ನೆಕೋಲು ಮತ್ತು ತೂಕದಿಂದ ಒತ್ತಿ ಹಿಡಿದರು. ಒತ್ತಡ ಆ ತೂಕವನ್ನು ಎತ್ತುವಷ್ಟಾದರೆ ಹಬೆ ತಾನೇ ಹೊರಬರುತ್ತಿತ್ತು. ನಮ್ಮ ಕುಕ್ಕರಿನ ವಿಷಲ್ ಕೆಲಸ ಮಾಡುವುದೂ ಹೀಗೆಯೇ.

ಪ್ಯಾಪಿನ್ ಪ್ರಾಟೆಸ್ಟೆಂಟ್ ಆಗಿದ್ದರು. 1685ರಲ್ಲಿ ಫ್ರಾನ್ಸ್ ಆ ಪಂಥದವರ ಹಕ್ಕು ಕಿತ್ತುಕೊಂಡ ಮೇಲೆ ಊರಿಗೆ ಮರಳುವ ದಾರಿ ಮುಚ್ಚಿತು. ಜರ್ಮನಿಗೆ ಹೋಗಿ ಗಣಿತ ಕಲಿಸಿದರು. 1690ರಲ್ಲಿ ಹಬೆಯಿಂದ ಪಿಸ್ಟನ್ ಚಲಿಸುವ ಬಗೆ ವಿವರಿಸಿದರು. 1707ರಲ್ಲಿ ಅವರ ಚಕ್ರದ ದೋಣಿಯನ್ನು ಅಲ್ಲಿನ ಅಂಬಿಗರು ಒಡೆದು ಹಾಕಿದರು. ಅದು ಹಬೆ ದೋಣಿ ಎಂಬ ಕಥೆ ಇಂದಿಗೂ ಓಡಾಡುತ್ತಿದೆ, ಆದರೆ ಅದರ ಚಕ್ರ ತಿರುಗಿಸುತ್ತಿದ್ದುದು ಮನುಷ್ಯರ ಕೈ ಎನ್ನುತ್ತಾರೆ ಇತಿಹಾಸಕಾರರು. ಲಂಡನ್ನಿಗೆ ಮರಳಿದ ಪ್ಯಾಪಿನ್ ಕೊನೆಯ ದಿನಗಳನ್ನು ಬಡತನದಲ್ಲಿ ಕಳೆದರು. 1712ರ ಬಳಿಕ ಅವರ ಪತ್ರಗಳು ಸಿಗುವುದಿಲ್ಲ. ಉಳಿದದ್ದು ಅವರ ವಾಲ್ವ್.

ಇಂದಿನ ಕಂಪ್ರೆಸರ್‌ನಲ್ಲಿ ತೂಕದ ಬದಲು ಸ್ಪ್ರಿಂಗ್ ಇರುತ್ತದೆ. ಇದರ ಜೊತೆಗಿರುವ ಭಾಗಗಳ ಕೆಲಸ ಬೇರೆ ಬೇರೆ:

• ಪ್ರೆಷರ್ ಸ್ವಿಚ್ ಮೋಟಾರ್ ನಿಲ್ಲಿಸುತ್ತದೆ. ಅದರ ಕಾಂಟ್ಯಾಕ್ಟ್ ಅಂಟಿಕೊಂಡರೆ ಮೋಟಾರ್ ನಿಲ್ಲುವುದೇ ಇಲ್ಲ.
• ರೆಗ್ಯುಲೇಟರ್ ಪೈಪಿಗೆ ಹೋಗುವ ಗಾಳಿಯ ಒತ್ತಡ ಇಳಿಸುತ್ತದೆ. ಅದು ಟ್ಯಾಂಕನ್ನು ಕಾಯುವುದಿಲ್ಲ.
• ನಾನ್ ರಿಟರ್ನ್ ವಾಲ್ವ್ ಗಾಳಿ ಪಂಪಿನ ಕಡೆ ಹಿಂದಿರುಗದಂತೆ ತಡೆಯುತ್ತದೆ.
• ಮಿಕ್ಕೆಲ್ಲ ಕೈಕೊಟ್ಟಾಗ ಗಾಳಿ ಹೊರಬಿಡುವುದು ಸೇಫ್ಟಿ ವಾಲ್ವ್ ಮಾತ್ರ.

ಹಾಗಾಗಿ ವಾಲ್ವ್ ಕೊಳ್ಳುವಾಗ ಎರಡು ವಿಷಯ ನೋಡಿ. ಅದು ತೆರೆಯುವ ಒತ್ತಡ, ಟ್ಯಾಂಕಿನ ಪ್ಲೇಟಿನ ಮೇಲೆ ಬರೆದ ಗರಿಷ್ಠ ಒತ್ತಡವನ್ನು ಮೀರಬಾರದು. ಕಂಪ್ರೆಸರ್ ತುಂಬುವಷ್ಟು ಗಾಳಿಯನ್ನು ಅದು ಹೊರಬಿಡಬಲ್ಲದಾಗಿರಬೇಕು. ಟ್ಯಾಂಕಿಗೂ ಅದಕ್ಕೂ ನಡುವೆ ಬೇರೆ ವಾಲ್ವ್ ಇಡಬೇಡಿ. ಸೋರಿದರೆ ಹೊಸದು ಹಾಕಿಸಿ. ಕೆಳಗಿನ ಡ್ರೈನ್ ತೆರೆದು ನೀರನ್ನೂ ಬಿಡುತ್ತಿರಿ, ಇಲ್ಲದಿದ್ದರೆ ಟ್ಯಾಂಕ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಕುಕ್ಕರಿನ ವಿಷಲ್ ರಂಧ್ರಕ್ಕೆ ಯಾರೂ ಬೋಲ್ಟ್ ಹಾಕುವುದಿಲ್ಲ. ಕಂಪ್ರೆಸರ್‌ಗೂ ಹಾಕಬಾರದು. ಗ್ಯಾರೇಜ್ ನಡೆಸುವ ನಿಮ್ಮ ಪರಿಚಯದವರಿಗೆ ಇದನ್ನು ಕಳುಹಿಸಿ.