ಡಾ. ಸಿ. ಹೆನ್ರಿ ಕೆಂಪೆ (1922–1984): ಜೀವನ ಮತ್ತು ಸೇವೆ

ಮಗುವಿಗೆ ಹಾನಿಯಾಗುವ ಮುನ್ನವೇ ಪೋಷಕರ ಮನೋಭಾವವನ್ನು ಅರಿತು ಕುಟುಂಬಕ್ಕೆ ನೆರವು ನೀಡಬಹುದೆಂದು ತೋರಿಸಿಕೊಟ್ಟವರಲ್ಲಿ ಮಕ್ಕಳ ವೈದ್ಯ ಡಾ. ಸಿ. ಹೆನ್ರಿ ಕೆಂಪೆ ಅವರು ಪ್ರಮುಖರು. ಸಾರ್ವಜನಿಕರ ಮಾಹಿತಿಗಾಗಿ ಅವರ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಶಿಕ್ಷಣ

ಶ್ರೀಯುತರು 1922ರ ಏಪ್ರಿಲ್ 6ರಂದು ಅಂದು ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ನಾಜಿ ಆಡಳಿತದ ಕಾಲದಲ್ಲಿ ಹದಿಹರೆಯದಲ್ಲಿಯೇ ತಾಯ್ನಾಡನ್ನು ತೊರೆದು, ಮುಂದೆ ಅಮೆರಿಕದಲ್ಲಿ ನೆಲೆಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1945ರಲ್ಲಿ ವೈದ್ಯಕೀಯ ಪದವಿ ಪಡೆದು, 1956ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಮಕ್ಕಳ ವೈದ್ಯ ವಿಭಾಗದ ಮುಖ್ಯಸ್ಥರಾದರು. ಸಿಡುಬು ರೋಗದ ಬಗ್ಗೆ ಮದ್ರಾಸಿನಲ್ಲಿಯೂ ಸಂಶೋಧನೆ ಕೈಗೊಂಡಿದ್ದರು.

1962ರ ವರದಿ

ಮೂಳೆ ಮುರಿದು, ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಬರುತ್ತಿದ್ದ ಶಿಶುಗಳು ಬಿದ್ದು ಗಾಯಗೊಂಡಿವೆ ಎಂಬ ವಿವರಣೆಯನ್ನು ವೈದ್ಯರು ಬಹುತೇಕ ಒಪ್ಪಿಕೊಳ್ಳುತ್ತಿದ್ದ ಕಾಲವದು. ಶ್ರೀ ಕೆಂಪೆ ಹಾಗೂ ಸಹೋದ್ಯೋಗಿಗಳು 71 ಆಸ್ಪತ್ರೆಗಳಿಂದ ಒಂದು ವರ್ಷದ ಮಾಹಿತಿ ಸಂಗ್ರಹಿಸಿದಾಗ, ಥಳಿತಕ್ಕೊಳಗಾದ 302 ಮಕ್ಕಳ ಪ್ರಕರಣಗಳು ಕಂಡುಬಂದವು. ಅವರಲ್ಲಿ 33 ಮಕ್ಕಳು ಮೃತಪಟ್ಟಿದ್ದು, 85 ಮಕ್ಕಳ ಮೆದುಳಿಗೆ ಶಾಶ್ವತ ಹಾನಿಯಾಗಿತ್ತು. ಈ ವರದಿಯ ತರುವಾಯ, ಇಂತಹ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸುವ ಕಾನೂನುಗಳು ಅಮೆರಿಕದ ರಾಜ್ಯಗಳಲ್ಲಿ ಜಾರಿಗೆ ಬಂದವು.

ಪೋಷಕರ ಮನೋಭಾವದ ಅಧ್ಯಯನ

ಗಾಯಗೊಂಡ ಮಗುವಿಗೆ ಚಿಕಿತ್ಸೆ ನೀಡುವುದಷ್ಟೇ ಸಾಲದೆಂದು ಮನಗಂಡ ಅವರು 1972ರಲ್ಲಿ ಡೆನ್ವರ್‌ನಲ್ಲಿ ಈ ಉದ್ದೇಶಕ್ಕಾಗಿಯೇ ಕೇಂದ್ರವೊಂದನ್ನು ಸ್ಥಾಪಿಸಿದರು. ಅವರ ತಂಡವು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯ ಸಮಯದಲ್ಲಿಯೇ ತಾಯಂದಿರನ್ನು ಗಮನಿಸಲಾಯಿತು. ತಾಯಿ ನವಜಾತ ಶಿಶುವನ್ನು ಹೇಗೆ ನೋಡುತ್ತಾಳೆ, ಏನು ಮಾತನಾಡುತ್ತಾಳೆ, ಹೇಗೆ ಎತ್ತಿಕೊಳ್ಳುತ್ತಾಳೆ ಎಂಬ ಅಂಶಗಳನ್ನು ದಾಖಲಿಸಲಾಯಿತು. ಹೆಚ್ಚಿನ ಅಪಾಯದ ಸೂಚನೆಯಿದ್ದ 100 ಕುಟುಂಬಗಳ ಪೈಕಿ 50 ಕುಟುಂಬಗಳಿಗೆ ವೈದ್ಯರ ನಿರಂತರ ನಿಗಾ ಹಾಗೂ ಮನೆ ಭೇಟಿಯ ನೆರವು ಒದಗಿಸಲಾಯಿತು. ವಿಶೇಷ ನೆರವು ದೊರೆಯದ ಉಳಿದ 50 ಕುಟುಂಬಗಳಲ್ಲಿ 5 ಮಕ್ಕಳು ತೀವ್ರ ಗಾಯಗಳಿಂದ ಆಸ್ಪತ್ರೆಗೆ ದಾಖಲಾದರು. ನೆರವು ಪಡೆದ ಕುಟುಂಬಗಳಲ್ಲಿ ಅಂತಹ ಒಂದು ಪ್ರಕರಣವೂ ಇರಲಿಲ್ಲ.

ನೆರವು ದೊರೆಯದ ಕುಟುಂಬಗಳಲ್ಲಿಯೂ ಬಹುಪಾಲು ಮಕ್ಕಳಿಗೆ ಅಂತಹ ಗಾಯಗಳಾಗಲಿಲ್ಲ ಎಂಬುದು ಗಮನಾರ್ಹ. ಆದ್ದರಿಂದ ಮನೋಭಾವದ ಮೌಲ್ಯಮಾಪನವು ಪೋಷಕರ ಮೇಲಿನ ತೀರ್ಪಲ್ಲ. ಯಾರಿಗೆ ಆಸರೆ ಬೇಕಾಗಿದೆ ಎಂಬುದನ್ನು ಗುರುತಿಸುವ ಸಾಧನ.

ಶ್ರೀಯುತರು 1984ರಲ್ಲಿ ಹವಾಯಿಯಲ್ಲಿ ನಿಧನ ಹೊಂದಿದರು.

ಸಾರ್ವಜನಿಕರ ಗಮನಕ್ಕೆ

ದತ್ತು ಸ್ವೀಕಾರಕ್ಕೆ ಅರ್ಜಿ ಸಲ್ಲಿಸಿದವರ ಮನೆಗೆ ಸಮಾಜ ಕಾರ್ಯಕರ್ತರು ಭೇಟಿ ನೀಡಿ ಗೃಹ ಅಧ್ಯಯನ ನಡೆಸುತ್ತಾರೆ. ಆಗ ಕೇಳಲಾಗುವ ಪ್ರಶ್ನೆಗಳನ್ನು ತಮ್ಮ ಮೇಲಿನ ಸಂಶಯವೆಂದು ಭಾವಿಸದೆ ಅರ್ಜಿದಾರರು ಮುಕ್ತವಾಗಿ ಉತ್ತರಿಸುವುದು ಮಗುವಿನ ಹಿತದೃಷ್ಟಿಯಿಂದ ಅಗತ್ಯ. ಸಂಕಷ್ಟದಲ್ಲಿರುವ ಮಗು ಕಂಡುಬಂದಲ್ಲಿ ಉಚಿತ ಮಕ್ಕಳ ಸಹಾಯವಾಣಿ ಸಂಖ್ಯೆ 1098ಕ್ಕೆ ಕರೆ ಮಾಡಬಹುದಾಗಿದೆ.