ಸದ್ದಿಲ್ಲದೆ ಬಾಗಿಲು ತೆರೆದ ಹರ್ಮನ್ ವೆಲ್ಸ್

ಅಮೆರಿಕದ ಬ್ಲೂಮಿಂಗ್ಟನ್‌ನಲ್ಲಿರುವ ಇಂಡಿಯಾನಾ ವಿಶ್ವವಿದ್ಯಾಲಯದ ಹೆಸರು ಕನ್ನಡ ಸಾಹಿತ್ಯಾಸಕ್ತರಿಗೆ ಹೊಸತೇನಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಅಭ್ಯಸಿಸಿದ್ದ ಕವಿ ಎ.ಕೆ. ರಾಮಾನುಜನ್ ಅವರು 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ತೆರಳಿ, 1963ರಲ್ಲಿ ಪಿಎಚ್.ಡಿ. ಪದವಿ ಪಡೆದದ್ದು ಇದೇ ವಿಶ್ವವಿದ್ಯಾಲಯದಿಂದ. ಅವರು ಅಲ್ಲಿಗೆ ಹೋದಾಗ ಅದರ ಅಧ್ಯಕ್ಷರಾಗಿದ್ದವರು ಹರ್ಮನ್ ಬಿ ವೆಲ್ಸ್. ಈ ಹುದ್ದೆ ನಮ್ಮಲ್ಲಿನ ಉಪಕುಲಪತಿ ಸ್ಥಾನಕ್ಕೆ ಸಮಾನವಾದುದು. ವಿದ್ಯಾರ್ಥಿಗಳ ಊಟ, ಆಟ, ಹಬ್ಬಗಳೂ ಶಿಕ್ಷಣದ ಭಾಗವೇ ಎಂದು ನಂಬಿದ್ದ ವೆಲ್ಸ್, ಅವುಗಳಿಂದ ಹೊರಗುಳಿದಿದ್ದವರನ್ನು ಒಳತರಲು ಶ್ರಮಿಸಿದ ಓರ್ವ ಅಪರೂಪದ ಆಡಳಿತಗಾರ.

ವೆಲ್ಸ್ ಅವರು 1902ರ ಜೂನ್ 7ರಂದು ಇಂಡಿಯಾನಾ ರಾಜ್ಯದ ಜೇಮ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಹೆಸರಿನ ನಡುವಿನ ಬಿ ಅಕ್ಷರಕ್ಕೆ ಯಾವ ವಿಸ್ತರಣೆಯೂ ಇಲ್ಲ. ಇದೇ ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಪದವಿ ಪಡೆದು, 1930ರಲ್ಲಿ ಅಲ್ಲಿಯೇ ಅಧ್ಯಾಪಕರಾಗಿ ಸೇರಿದರು. 1935ರಲ್ಲಿ ವಾಣಿಜ್ಯ ವಿಭಾಗದ ಡೀನ್ ಆದ ಅವರು 1938ರಲ್ಲಿ ಅಧ್ಯಕ್ಷ ಪದವಿಗೇರಿದಾಗ ವಯಸ್ಸು ಕೇವಲ 35. ಅವಿವಾಹಿತರಾಗಿದ್ದ ಅವರ ಮನೆಗೆ ಬರುವ ಅತಿಥಿಗಳನ್ನು ಸತ್ಕರಿಸುವ ಹೊಣೆಯನ್ನು ಅವರ ತಾಯಿಯೇ ವಹಿಸಿಕೊಂಡಿದ್ದರು.

ದ್ವಿತೀಯ ಮಹಾಯುದ್ಧ ಮುಗಿದ ಬಳಿಕ ಸರಕಾರದ ನೆರವಿನಿಂದ ಓದಲು ಬಂದ ಮಾಜಿ ಯೋಧರಿಂದ ಕ್ಯಾಂಪಸ್ ತುಂಬಿ ತುಳುಕಿತು. ಹಾಸ್ಟೆಲುಗಳು ಸಾಲದೆ ಟ್ರೇಲರ್ ಮನೆಗಳನ್ನು ತರಿಸಬೇಕಾಯಿತು. ಅದರೊಂದಿಗೆ ಸಂಭ್ರಮವೂ ಹೆಚ್ಚಿತು. ಶರತ್ಕಾಲದಲ್ಲಿ ಹಳೆ ವಿದ್ಯಾರ್ಥಿಗಳು ಮರಳಿ ಬರುವ ಹೋಮ್‌ಕಮಿಂಗ್ ಹಬ್ಬ, ಪರ್ಡ್ಯೂ ವಿಶ್ವವಿದ್ಯಾಲಯದ ವಿರುದ್ಧ ಹಳೆಯ ಮರದ ಬಕೆಟ್‌ಗಾಗಿ ನಡೆಯುವ ಫುಟ್‌ಬಾಲ್ ಪಂದ್ಯ, ನೃತ್ಯಕೂಟ, ಸುಂದರಿಯ ಆಯ್ಕೆ ಹೀಗೆ ವರ್ಷವಿಡೀ ಒಂದಿಲ್ಲೊಂದು ಕಾರ್ಯಕ್ರಮ. 1942ರಿಂದ 1961ರವರೆಗೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಅಪೆರಾ ತಂಡ ಇಲ್ಲಿನ ಸಭಾಂಗಣಕ್ಕೆ ಬಂದು ಪ್ರದರ್ಶನ ನೀಡುತ್ತಿತ್ತು. ಸ್ಥೂಲಕಾಯದ ವೆಲ್ಸ್ ಅವರು ಕ್ರಿಸ್‌ಮಸ್ ಸಮಯದಲ್ಲಿ ಸ್ವತಃ ಸಾಂಟಾಕ್ಲಾಸ್ ವೇಷ ಧರಿಸಿ ವಿದ್ಯಾರ್ಥಿಗಳನ್ನು ನಗಿಸುತ್ತಿದ್ದರು.

1951ರಲ್ಲಿ ವಿಶ್ವವಿದ್ಯಾಲಯ ಪ್ರತಿಷ್ಠಾನದ ಹೊವರ್ಡ್ ವಿಲ್ಕಾಕ್ಸ್ ಅವರು ಲಿಟ್ಲ್ 500 ಎಂಬ ಸೈಕಲ್ ಓಟವನ್ನು ಆರಂಭಿಸಿದರು. ಇಂಡಿಯಾನಾಪೊಲಿಸ್‌ನ ಪ್ರಸಿದ್ಧ ಮೋಟಾರು ಓಟವೇ ಇದಕ್ಕೆ ಮಾದರಿ. ನಾಲ್ವರ ತಂಡ ಸರದಿಯಂತೆ ಸೈಕಲ್ ತುಳಿದು 200 ಸುತ್ತು, ಅಂದರೆ 50 ಮೈಲಿ ಪೂರೈಸಬೇಕು. ದುಡಿದು ಓದುವ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆ ಹಣ ಕೂಡಿಸುವುದು ಇದರ ಉದ್ದೇಶವಾಗಿತ್ತು. ಹುಡುಗಿಯರಿಗೆ ಪಾಲು ಸಿಕ್ಕಿದ್ದು 1955ರಲ್ಲಿ, ಅದೂ ಮೂರುಗಾಲಿ ಸೈಕಲ್ಲಿನ ತಮಾಷೆಯ ಓಟದಲ್ಲಿ. ಮಹಿಳೆಯರ ನಿಜವಾದ ಸೈಕಲ್ ಓಟ ಆರಂಭವಾಗಲು 1988ರವರೆಗೆ ಕಾಯಬೇಕಾಯಿತು.

ಆದರೆ ಈ ಸಡಗರದ ನಡುವೆ ಒಂದು ಗೋಡೆಯಿತ್ತು. ವೆಲ್ಸ್ ಅಧಿಕಾರ ವಹಿಸಿಕೊಂಡಾಗ ಕರಿಯ ವಿದ್ಯಾರ್ಥಿಗಳು ತರಗತಿಯಲ್ಲಿ ಎಲ್ಲರೊಂದಿಗೆ ಕುಳಿತರೂ ಹಾಸ್ಟೆಲಿನಲ್ಲಿ ಅವರಿಗೆ ಜಾಗವಿರಲಿಲ್ಲ, ಈಜುಕೊಳಕ್ಕೆ ಪ್ರವೇಶವಿರಲಿಲ್ಲ. ವಿದ್ಯಾರ್ಥಿ ಭವನದ ಉಪಾಹಾರ ಗೃಹದಲ್ಲಿ ಕಾದಿರಿಸಲಾಗಿದೆ ಎಂಬ ಫಲಕವಿದ್ದ ಕೆಲವು ಮೇಜುಗಳೇ ಅವರಿಗೆ ಮೀಸಲು. ವೆಲ್ಸ್ ಭಾಷಣ ಮಾಡಲಿಲ್ಲ, ಸುತ್ತೋಲೆಯನ್ನೂ ಹೊರಡಿಸಲಿಲ್ಲ. ಫಲಕಗಳನ್ನು ಸದ್ದಿಲ್ಲದೆ ತೆಗೆಸಿದರು. ಅವು ಮಾಯವಾದದ್ದು ಕೆಲವು ದಿನ ಯಾರ ಗಮನಕ್ಕೂ ಬರಲಿಲ್ಲ. ಈಜುಕೊಳದ ವಿಷಯದಲ್ಲೂ ಅದೇ ಉಪಾಯ. ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಕರಿಯ ಫುಟ್‌ಬಾಲ್ ಆಟಗಾರ ರೂಸ್ಟರ್ ಕಾಫಿಯವರನ್ನು ಜನದಟ್ಟಣೆಯ ಹೊತ್ತಿನಲ್ಲೇ ನೀರಿಗೆ ಧುಮುಕುವಂತೆ ಕ್ರೀಡಾ ನಿರ್ದೇಶಕರ ಮೂಲಕ ಏರ್ಪಾಡು ಮಾಡಿದರು. ಯಾರೂ ಆಕ್ಷೇಪಿಸಲಿಲ್ಲ. ಅಂದಿನಿಂದ ಕೊಳ ಎಲ್ಲರದ್ದಾಯಿತು.

ಇದು ವೆಲ್ಸ್ ಒಬ್ಬರದೇ ಸಾಧನೆಯಲ್ಲ. ಕರಿಯ ವಿದ್ಯಾರ್ಥಿಗಳು, ಅವರ ಸಂಘಟನೆಗಳು ಹಾಗೂ ಇಂಡಿಯಾನಾಪೊಲಿಸ್‌ನ ಕರಿಯ ಮುಖಂಡರು ಬೆನ್ನುಬಿಡದೆ ಒತ್ತಾಯಿಸುತ್ತಿದ್ದರು. ಅಂಥ ಮುಖಂಡರ ಪ್ರಯತ್ನಕ್ಕೆ ವೆಲ್ಸ್ ಬೆಂಬಲ ನೀಡಿದ ಫಲವಾಗಿ 1947ರಲ್ಲಿ ಬಿಲ್ ಗ್ಯಾರೆಟ್ ಎಂಬ ಕರಿಯ ಯುವಕ ಬಾಸ್ಕೆಟ್‌ಬಾಲ್ ಆಡಲು ಇಂಡಿಯಾನಾಕ್ಕೆ ಬಂದರು. ಬಿಗ್ ಟೆನ್ ವಿಶ್ವವಿದ್ಯಾಲಯಗಳಲ್ಲಿ ಅದುವರೆಗೆ ಪಾಲಿಸಿಕೊಂಡು ಬಂದಿದ್ದ ಅಲಿಖಿತ ನಿಷೇಧ ಮುರಿದುಬಿತ್ತು.

1959ರಲ್ಲಿ ನ್ಯಾನ್ಸಿ ಸ್ಟ್ರೀಟ್ಸ್ ಮಿಸ್ ಇಂಡಿಯಾನಾ ವಿಶ್ವವಿದ್ಯಾಲಯ ಕಿರೀಟ ಧರಿಸಿದ ಮೊದಲ ಕರಿಯ ಯುವತಿಯಾದರು. 1960ರಲ್ಲಿ ಟಾಮ್ ಅಟ್ಕಿನ್ಸ್ ವಿದ್ಯಾರ್ಥಿ ಸಂಘದ ಮೊದಲ ಕರಿಯ ಅಧ್ಯಕ್ಷರಾಗಿ ಚುನಾಯಿತರಾದರು. ಆದರೆ ಬಿಳಿಯ ಯುವತಿಯನ್ನು ವರಿಸಲು ಅವರು ನೆರೆಯ ಮಿಷಿಗನ್ ರಾಜ್ಯಕ್ಕೆ ಹೋಗಬೇಕಾಯಿತು. ಅಂಥ ವಿವಾಹವನ್ನು ನಿಷೇಧಿಸಿದ್ದ ಇಂಡಿಯಾನಾದ ಕಾನೂನು ರದ್ದಾದದ್ದು 1965ರಲ್ಲಿ.

ವೆಲ್ಸ್ ಅವರ ಮೌನ ಮಾರ್ಗಕ್ಕೆ ಮಿತಿಯೂ ಇತ್ತು. ಸೂಕ್ತ ಸಮಯಕ್ಕಾಗಿ ಅವರು ಕಾದ ವರ್ಷಗಳಲ್ಲಿ ಓದಿ ಹೊರಟುಹೋದ ಕರಿಯ ವಿದ್ಯಾರ್ಥಿಗಳಿಗೆ ಆ ಮೇಜು, ಆ ಕೊಳ ದಕ್ಕಲೇ ಇಲ್ಲ. ಕ್ಯಾಂಪಸ್ಸಿನ ಸಾಮಾಜಿಕ ಜೀವನವನ್ನು ಆಳುತ್ತಿದ್ದ ಫ್ರೆಟರ್ನಿಟಿ ಎಂಬ ವಿದ್ಯಾರ್ಥಿ ಕೂಟಗಳಲ್ಲಿ ಕೆಲವು ತಮ್ಮ ನಿಯಮಾವಳಿಯಲ್ಲೇ ವರ್ಣಭೇದವನ್ನು ಉಳಿಸಿಕೊಂಡಿದ್ದವು. 1968ರ ಮೇ ತಿಂಗಳಲ್ಲಿ ಕರಿಯ ವಿದ್ಯಾರ್ಥಿಗಳು ಲಿಟ್ಲ್ 500 ನಡೆಯುವ ಕ್ರೀಡಾಂಗಣದಲ್ಲೇ ಧರಣಿ ಕುಳಿತರು. ಓಟ ಮುಂದೂಡಲ್ಪಟ್ಟಿತು. ಮೌನದಿಂದ ಸರಿಯದ ಗೋಡೆಯನ್ನು ಅಲುಗಿಸಲು ಹಬ್ಬವನ್ನೇ ನಿಲ್ಲಿಸಬೇಕಾಯಿತು.

1962ರಲ್ಲಿ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದ ವೆಲ್ಸ್, ಬಳಿಕ ಚಾನ್ಸಲರ್ ಆಗಿ ಕೊನೆಯವರೆಗೂ ವಿಶ್ವವಿದ್ಯಾಲಯದ ಸೇವೆಯಲ್ಲಿ ಮುಂದುವರಿದರು. 1968ರಲ್ಲಿ ಧರಣಿಯ ಬೆನ್ನಿಗೇ ಅಧ್ಯಕ್ಷರು ರಾಜೀನಾಮೆ ನೀಡಿದಾಗ ಕೆಲವು ತಿಂಗಳು ಹಂಗಾಮಿ ಅಧ್ಯಕ್ಷತೆಯನ್ನೂ ನಿಭಾಯಿಸಿದರು. 2000ರ ಮಾರ್ಚ್ 18ರಂದು ತಮ್ಮ 97ನೇ ವಯಸ್ಸಿನಲ್ಲಿ ನಿಧನರಾದರು. 2005ರಲ್ಲಿ ಅಲ್ಲಿನ ಮುಖ್ಯ ಗ್ರಂಥಾಲಯಕ್ಕೆ ಅವರ ಹೆಸರಿಡಲಾಯಿತು.

ಸಂಘ ಸಂಸ್ಥೆಗಳನ್ನು ಕಟ್ಟಿ ಬೆಳೆಸುವವರಿಗೆ ವೆಲ್ಸ್ ಅವರ ಬದುಕಿನಲ್ಲಿ ಕಲಿಯುವುದು ಸಾಕಷ್ಟಿದೆ. ಸಮಾರಂಭ ಎಷ್ಟು ಅದ್ದೂರಿಯಾಗಿತ್ತು ಎಂಬುದರ ಜತೆಗೆ, ಅಲ್ಲಿ ಯಾರಿಗೆ ಆಸನವಿರಲಿಲ್ಲ ಎಂದೂ ಅವರು ನೋಡಿದರು. ಕ್ಯಾಂಪಸ್ಸಿನಲ್ಲಿರುವ ಅವರ ಕಂಚಿನ ಪ್ರತಿಮೆ ಬೆಂಚಿನ ಮೇಲೆ ಕುಳಿತು ಕೈ ಮುಂದೆ ಚಾಚಿದೆ. ದಾರಿಯಲ್ಲಿ ಹೋಗುವ ವಿದ್ಯಾರ್ಥಿಗಳು ಆ ಕೈ ಕುಲುಕಿ ಮುಂದೆ ಸಾಗುತ್ತಾರೆ.