ಪ್ರಾಣವಾಯುವಿನ ಉಪಾಸಕ ಹಾಲ್ಡೇನ್

ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಬಲ್ಲನು. ನೀರಿಲ್ಲದೆ ಕೆಲವು ದಿನ. ಉಸಿರಿಲ್ಲದೆ ಕೆಲವೇ ನಿಮಿಷ. ಆ ಉಸಿರನ್ನು ಅಳೆದು, ಪರೀಕ್ಷಿಸಿ, ರೋಗಿಗೆ ಔಷಧವಾಗಿ ಕೊಡುವ ಕ್ರಮವನ್ನು ಲೋಕಕ್ಕೆ ಕಲಿಸಿದವರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಅಗ್ರಗಣ್ಯರು. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ, ಬಿ.ಎ. ಓದುತ್ತಿರುವವಳು. ಆದರೂ ಈ ಮಹನೀಯರ ಚರಿತ್ರೆ ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರಗಳ ಮನೆಮನೆಗೂ ಬೇಕಾದದ್ದೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೀಗಾಗಿ ಆಸ್ಪತ್ರೆಯ ಚೀಟಿ ಓದಿ ಹೇಳುವ ಕೆಲಸ ನನ್ನ ಪಾಲಿನದು. ನಮ್ಮ ಹಳ್ಳಿಗಳಲ್ಲಿ ಯಾರಿಗಾದರೂ ಆಕ್ಸಿಜನ್ ಹಾಕಿದ್ದಾರೆಂದು ತಿಳಿದರೆ ಕೇಳಿದವರು ಆಸೆ ಬಿಡುತ್ತಾರೆ. ಸಾಯುವವರ ಬಾಯಿಗೆ ಬಿಡುವ ಗಂಗಾಜಲದಂತೆ ಅದೂ ಕಡೆಗಾಲದ ಉಪಚಾರವೆಂದೇ ಭಾವನೆ. ಬಂಧುಗಳೊಬ್ಬರು ಮುಖದ ಮಾಸ್ಕನ್ನು ಕಿತ್ತು, ಸಾಯುವುದಾದರೆ ಮನೆಯಲ್ಲೇ ಸಾಯುತ್ತೇನೆಂದು ಹಟ ಹಿಡಿದುದನ್ನು ನಾನು ಕಂಡಿದ್ದೇನೆ.

ಹಾಲ್ಡೇನರು 1860ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜನಿಸಿದರು. 1884ರಲ್ಲಿ ಅಲ್ಲಿಯೇ ವೈದ್ಯ ಪದವಿ ಪಡೆದು, ಮುಂದೆ ಆಕ್ಸ್‌ಫರ್ಡಿನಲ್ಲಿ ನೆಲೆಸಿದರು. ಗಾಳಿ ಎಲ್ಲೆಲ್ಲಿ ಕೆಟ್ಟಿದೆಯೋ ಅಲ್ಲೆಲ್ಲ ಅವರ ಪ್ರಯೋಗಶಾಲೆ. ಬಡವರ ಇಕ್ಕಟ್ಟಾದ ಮನೆಗಳು, ಊರಿನ ಚರಂಡಿಗಳು, ಕಲ್ಲಿದ್ದಲ ಗಣಿಗಳು, ಎಲ್ಲೆಡೆಯೂ ಅವರು ಇಳಿದರು. 1896ರಲ್ಲಿ ವೇಲ್ಸ್ ದೇಶದ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತಾಗ, ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ಸ್ಫೋಟದ ನಂತರ ತುಂಬಿಕೊಂಡ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೆಂದು ತೋರಿಸಿಕೊಟ್ಟರು. ಆ ಅನಿಲವನ್ನು ತಾವೇ ಸೇವಿಸಿ, ತಮ್ಮ ರಕ್ತವನ್ನೇ ಪರೀಕ್ಷಿಸಿ, ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿದುಕೊಳ್ಳುವ ಬಗೆಯನ್ನು ಅರಿತರು. ಅಪಾಯವನ್ನು ಮೊದಲೇ ತಿಳಿಯಲು ಗಣಿಗೆ ಸಣ್ಣ ಪ್ರಾಣಿಪಕ್ಷಿಗಳನ್ನು ಒಯ್ಯಬೇಕೆಂದು ಸಲಹೆ ಕೊಟ್ಟವರೂ ಅವರೇ. ನಮ್ಮ ಉಸಿರಾಟದ ವೇಗವನ್ನು ನಡೆಸುವುದು ಮುಖ್ಯವಾಗಿ ರಕ್ತದಲ್ಲಿನ ಇಂಗಾಲಾಮ್ಲವೆಂಬುದನ್ನು 1905ರಲ್ಲಿ ಸಹೋದ್ಯೋಗಿ ಪ್ರೀಸ್ಟ್ಲಿಯವರೊಡನೆ ಪ್ರಕಟಿಸಿದರು.

1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರದ ರಣರಂಗದಲ್ಲಿ ಜರ್ಮನ್ ಸೈನ್ಯವು ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಿತು. ಹಾಲ್ಡೇನರು ಅಲ್ಲಿಗೆ ಧಾವಿಸಿ, ಶ್ವಾಸಕೋಶದಲ್ಲಿ ನೀರು ತುಂಬಿ ನೆಲದ ಮೇಲೆಯೇ ಮುಳುಗುತ್ತಿದ್ದ ಸೈನಿಕರನ್ನು ಕಂಡರು. ಅಲ್ಲಿಯವರೆಗೆ ವೈದ್ಯರು ಆಮ್ಲಜನಕವನ್ನು ಕೊಡುತ್ತಿದ್ದುದೇನೋ ನಿಜ. ಆದರೆ ಆಗೊಮ್ಮೆ ಈಗೊಮ್ಮೆ ಮುಖದ ಬಳಿ ಕೊಳವೆಯನ್ನೋ ಆಲಿಕೆಯನ್ನೋ ಹಿಡಿಯುತ್ತಿದ್ದರು. ಬಹುಪಾಲು ಗಾಳಿಗೆ ಹೋಗುತ್ತಿತ್ತು. ಹಾಲ್ಡೇನರು ಸಿಲಿಂಡರಿಗೆ ಒತ್ತಡ ತಗ್ಗಿಸುವ ಕವಾಟ, ನಿಮಿಷಕ್ಕೆ ಇಷ್ಟು ಲೀಟರೆಂಬ ಅಳತೆ, ಒಂದು ಚೀಲ, ಮುಖಕ್ಕೆ ಒಪ್ಪುವ ಮಾಸ್ಕು, ಇವನ್ನು ಜೋಡಿಸಿ, ಬೇಕಾದಷ್ಟು ಕಾಲ ಎಡೆಬಿಡದೆ ಕೊಡುವ ಕ್ರಮವನ್ನು 1917ರಲ್ಲಿ ವೈದ್ಯಲೋಕದ ಮುಂದಿಟ್ಟರು. 1936ರ ಮಾರ್ಚ್ ತಿಂಗಳಲ್ಲಿ ಕಾಲವಾಗುವವರೆಗೂ ಅವರು ದುಡಿಯುವುದನ್ನು ನಿಲ್ಲಿಸಲಿಲ್ಲ. ಅವರ ಮಗ ಜೆ.ಬಿ.ಎಸ್. ಹಾಲ್ಡೇನರು 1957ರಲ್ಲಿ ಭಾರತಕ್ಕೆ ಬಂದು, ನಮ್ಮ ದೇಶದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಇಂದು 108ರ ವಾಹನದಲ್ಲಿ ಕಾಣುವ ಬಿಳಿ ಭುಜದ ಕಪ್ಪು ಸಿಲಿಂಡರಿನ ಹಿಂದೆ ಇರುವುದು ಈ ವಿಚಾರವೇ. ಆಮ್ಲಜನಕವು ತೀರ್ಥವಲ್ಲ, ಔಷಧ. ಔಷಧವೆಂದ ಮೇಲೆ ಅದಕ್ಕೆ ಹೊತ್ತೂ ಉಂಟು, ಪ್ರಮಾಣವೂ ಉಂಟು. ನಾವು ಸೇವಿಸುವ ಗಾಳಿಯಲ್ಲಿ ಅದು ನೂರಕ್ಕೆ 21 ಪಾಲು. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1ರಿಂದ 6 ಲೀಟರ್, ಚೀಲವಿರುವ ಮಾಸ್ಕಿನಲ್ಲಿ 10ರಿಂದ 15 ಲೀಟರ್ ಕೊಡುತ್ತಾರೆ. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಸಾಮಾನ್ಯ ರೋಗಿಗೆ 94ರಿಂದ 98 ಇರಬೇಕು. ಬೀಡಿಯ ಹೊಗೆಯಿಂದಲೋ ಮತ್ತಾವುದರಿಂದಲೋ ಶ್ವಾಸಕೋಶ ಬಹುಕಾಲದಿಂದ ಕೆಟ್ಟಿರುವ ಕೆಲವರಿಗೆ 88ರಿಂದ 92 ಸಾಕು, ಹೆಚ್ಚಾದರೆ ಕೇಡು. ಆದುದರಿಂದ ಮರುಕದಿಂದಲೂ ನಾವು ಅದರ ತಿರುಪನ್ನು ಮುಟ್ಟಬಾರದು.

ಎಷ್ಟು ಆಮ್ಲಜನಕವಿದ್ದರೂ ದಾರಿ ಮುಚ್ಚಿದ್ದರೆ ಫಲವಿಲ್ಲ. ಎಚ್ಚರ ತಪ್ಪಿ ಅಂಗಾತ ಬಿದ್ದವನ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತದೆ. ಹಣೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲವನ್ನು ಎತ್ತಿ ಹಿಡಿದರೆ ದಾರಿ ತೆರೆಯುತ್ತದೆ. ವಾಹನದಿಂದ ಬಿದ್ದು ಕುತ್ತಿಗೆಗೆ ಪೆಟ್ಟಾಗಿರುವ ಶಂಕೆಯಿದ್ದರೆ ತಲೆಯನ್ನು ಬಾಗಿಸದೆ, ಬಲ್ಲವರು ದವಡೆಯನ್ನು ಮಾತ್ರ ಮುಂದಕ್ಕೆ ತರುತ್ತಾರೆ. ಉಸಿರಾಡುತ್ತಿರುವವನನ್ನು, ಅಂಥ ಪೆಟ್ಟಿಲ್ಲದಿದ್ದರೆ, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು. ನಮ್ಮವರು ಮೊದಲು ಮಾಡುವುದು ಬಾಯಿಗೆ ನೀರು ಹುಯ್ಯುವುದು. ಎಚ್ಚರವಿಲ್ಲದವನಿಗೆ ಅದೇ ಮೃತ್ಯು. ನರಸೀಪುರದ ಸಂಗಮದಲ್ಲಾಗಲಿ, ನಂಜನಗೂಡಿನ ಸ್ನಾನಘಟ್ಟದಲ್ಲಾಗಲಿ, ನೀರಿನಿಂದ ಎತ್ತಿದವನ ಹೊಟ್ಟೆಯನ್ನು ಒತ್ತುತ್ತ ಹೊತ್ತು ಕಳೆಯಬಾರದು. ಉಸಿರಿಲ್ಲದಿದ್ದರೆ ಕೂಡಲೇ ಬಾಯಿಂದ ಬಾಯಿಗೆ ಉಸಿರು ಕೊಟ್ಟು, ಎದೆಯನ್ನು ಒತ್ತಬೇಕು. ಮತ್ತೊಬ್ಬರು 108ಕ್ಕೆ ಕರೆ ಮಾಡಬೇಕು.

ಎಡೆಬಿಡದೆ ಕೊಡಬೇಕೆಂಬ ಹಾಲ್ಡೇನರ ಪಾಠದ ಬೆಲೆಯನ್ನು ನಮ್ಮ ನೆರೆಯ ಜಿಲ್ಲೆ ಕಣ್ಣೀರಿನಿಂದ ಕಲಿಯಿತು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯುಂಟಾಯಿತು. ಮರುದಿನದ ವೇಳೆಗೆ 24 ಮಂದಿ ರೋಗಿಗಳು ತೀರಿಕೊಂಡಿದ್ದರು. ಮೈಸೂರಿನಿಂದ ಆ ಊರಿಗೆ ಹೋಗುವ ದಾರಿ ನಮ್ಮ ನಂಜನಗೂಡಿನ ಮೇಲೆಯೇ ಹಾದುಹೋಗುತ್ತದೆ. ಅಂದು ಅಲ್ಲಿ ಆ ಸಿಲಿಂಡರಿಗಾಗಿ ಜನ ಪರದಾಡಿದರು. ಇಂದು ಅದು ಹಾಸಿಗೆಯ ಪಕ್ಕದಲ್ಲೇ ಇದ್ದರೂ ಅಪಶಕುನವೆಂದು ಬೆದರುತ್ತೇವೆ. ಓದಿದ ನಾವಾದರೂ ನಮ್ಮ ಹಿರಿಯರ ಪಕ್ಕದಲ್ಲಿ ಕುಳಿತು, ಇದು ಕಡೆಯ ಉಪಚಾರವಲ್ಲ, ಬದುಕಿಸುವ ಮೊದಲ ಉಪಚಾರವೆಂದು ತಿಳಿಯಹೇಳಿದರೆ ನಮ್ಮ ವಿದ್ಯೆ ಸಾರ್ಥಕವಾದೀತು.